ಎಳೆದೊಯ್ಯುವ ಕಾರಿಗೂ ಬೇಕು ಬ್ರೇಕ್

ಅಮೆರಿಕದಲ್ಲಿ ಮೋಟಾರ್‌ಹೋಮ್ ಎಂಬ ಸಂಚಾರಿ ಮನೆಯಲ್ಲಿ ಪ್ರವಾಸ ಹೊರಡುವ ಅನೇಕರು ಹಿಂದೊಂದು ಸಣ್ಣ ಕಾರನ್ನೂ ಕಟ್ಟಿಕೊಂಡು ಹೋಗುತ್ತಾರೆ. ದೊಡ್ಡ ವಾಹನವನ್ನು ತಂಗುದಾಣದಲ್ಲಿ ನಿಲ್ಲಿಸಿದ ಮೇಲೆ ಪೇಟೆ ಸುತ್ತಲು ಕಾರು ಬೇಕಷ್ಟೆ. ಎಳೆಯುವ ದಂಡ, ಸರಪಳಿ, ಹಿಂಬದಿ ದೀಪದ ತಂತಿಗಳನ್ನು ತಪ್ಪದೆ ಜೋಡಿಸುವವರೂ ಬ್ರೇಕ್ ವಿಷಯದಲ್ಲಿ ಉದಾಸೀನ ತೋರುವುದುಂಟು.

ಸುಮಾರು 1,500 ಕೆ.ಜಿ. ತೂಕದ ಕಾರು ಇಳಿಜಾರಿನಲ್ಲಿ ಮುಂದಿನ ವಾಹನವನ್ನೇ ತಳ್ಳತೊಡಗುತ್ತದೆ. ಎಂಜಿನ್ ಎಳೆಯಬಲ್ಲ ಭಾರವನ್ನೆಲ್ಲ ಬ್ರೇಕ್ ತಡೆಯಬಲ್ಲದು ಎಂದು ತಿಳಿಯುವುದು ತಪ್ಪು. ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ. ಉದ್ದನೆಯ ಘಾಟಿಯಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇದಕ್ಕೆ ಪರಿಹಾರ ಪೂರಕ ಬ್ರೇಕ್ ವ್ಯವಸ್ಥೆ. ಸುಲಭವಾಗಿ ಅಳವಡಿಸಬಹುದಾದದ್ದು, ಕಾರಿನ ಚಾಲಕನ ಆಸನದ ಮುಂದೆ ಇರಿಸುವ ಪೆಟ್ಟಿಗೆ. ವೇಗ ತಗ್ಗುವುದನ್ನು ಅದರೊಳಗಿನ ಸಂವೇದಕ ಗುರುತಿಸಿದೊಡನೆ ತೋಳೊಂದು ಪೆಡಲನ್ನು ಒತ್ತುತ್ತದೆ. ಏರ್ ಬ್ರೇಕ್ ಹೊಂದಿರುವ ಮೋಟಾರ್‌ಹೋಮುಗಳಲ್ಲಿ ಆ ಗಾಳಿಯ ಒತ್ತಡವನ್ನೇ ಕೊಳವೆಯ ಮೂಲಕ ಕಾರಿಗೆ ಒಯ್ಯುವ ಏರ್ಪಾಡೂ ಉಂಟು.

ಕೊಂಡಿ ಕಳಚಿದರೆ? ಮೋಟಾರ್‌ಹೋಮಿಗೆ ಕಟ್ಟಿದ ತೆಳು ಕೇಬಲ್, ಕಾರಿನ ಮುಂಭಾಗದ ಸ್ವಿಚ್ಚಿನ ಪಿನ್ನನ್ನು ಕಿತ್ತೆಳೆಯುತ್ತದೆ. ಕೂಡಲೇ ಕಾರಿನ ಬ್ರೇಕ್ ಬೀಳುತ್ತದೆ.

ಅಲ್ಲಿನ ಅನೇಕ ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕೆ.ಜಿ. ಮೀರಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಎಳೆದೊಯ್ಯುವ ಕಾರು ಟ್ರೇಲರ್ ಹೌದೋ ಅಲ್ಲವೋ ಎಂಬುದು ಮಾತ್ರ ಎಲ್ಲೆಡೆ ಸ್ಪಷ್ಟವಿಲ್ಲ.

ಉಪಕರಣವೊಂದನ್ನು ಕೊಂಡ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಕಾರಿನ ಬ್ರೇಕ್ ಅಕಾರಣವಾಗಿ ಹಿಡಿದುಕೊಂಡರೆ, ಬೃಹತ್ ವಾಹನ ನಡೆಸುತ್ತಿರುವ ಚಾಲಕನಿಗೆ ಅದು ಅರಿವಿಗೇ ಬಾರದೆ ಚಕ್ರದಿಂದ ಹೊಗೆ ಏಳಬಹುದು. ಆದ್ದರಿಂದ ಕಾರಿನ ಬ್ರೇಕ್ ಬಿದ್ದಾಗಲೆಲ್ಲ ಮೋಟಾರ್‌ಹೋಮಿನ ಡ್ಯಾಶ್‌ಬೋರ್ಡಿನಲ್ಲಿ ಬೆಳಗುವ ಸೂಚಕ ದೀಪ ಇರಲೇಬೇಕು.