ತೂಕದ ಯಂತ್ರವೂ ಏಕಾದಶಿಯ ಉಪವಾಸವೂ

ಬೆಂಗಳೂರಿನ ಮೆಜೆಸ್ಟಿಕ್ಕಿನ ಎದುರಿನ ರೈಲ್ವೆ ನಿಲ್ದಾಣದಲ್ಲಿ ಒಂದು ಕಾಲಕ್ಕೆ ಬಣ್ಣದ ದೀಪಗಳನ್ನು ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವನ್ನು ಗಾಂಧಿನಗರ, ಚಾಮರಾಜಪೇಟೆಗಳ ಹಿರಿಯರು ಮರೆತಿರಲಾರರು. ನಾಣ್ಯ ಹಾಕಿದೊಡನೆ ಚಕ್ರ ಗಿರ್ರನೆ ತಿರುಗಿ, ದಪ್ಪ ಕಾಗದದ ಪುಟ್ಟ ಚೀಟಿಯೊಂದು ಬಂದು ಬೀಳುತ್ತಿತ್ತು. ಅದರಲ್ಲಿ ತೂಕದ ಜೊತೆಗೆ ಒಂದು ಭವಿಷ್ಯವಾಕ್ಯವೂ ಅಚ್ಚಾಗಿರುತ್ತಿತ್ತು. ಭವಿಷ್ಯವನ್ನೋದಿ ನಕ್ಕು, ತೂಕವನ್ನು ಮಾತ್ರ ನಂಬುವಷ್ಟು ವಿವೇಕ ಅಂದಿನ ಪ್ರಯಾಣಿಕರಿಗಿತ್ತು. ಈಗ ಮನೆಯೊಳಗೇ ಬಂದು ಕುಳಿತಿರುವ ಗಾಜಿನ ಹಲಗೆಯ ಯಂತ್ರವು ಭವಿಷ್ಯವನ್ನು ನುಡಿಯುವುದಿಲ್ಲ. ಆದರೂ ಮೈ ಇಳಿಸುವ ವ್ರತ ಹಿಡಿದವರು ಪ್ರಾತಃಕಾಲದಲ್ಲಿ ಅದನ್ನೇರಿ, ನಿನ್ನೆಗಿಂತ 600 ಗ್ರಾಂ ಏರಿರುವುದನ್ನು ಕಂಡೊಡನೆ ತಮ್ಮ ಸಕಲ ಪ್ರಯತ್ನವೂ ವ್ಯರ್ಥವಾಯಿತೆಂದು ಬಗೆದು, ಆ ದಿನದ ತಿಂಡಿಯನ್ನೋ ಇಡೀ ವ್ರತವನ್ನೋ ಬಿಟ್ಟುಬಿಡುತ್ತಾರೆ.

ಯಂತ್ರವು ಸುಳ್ಳು ಹೇಳುವುದಿಲ್ಲ. ನಾವು ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಹೇಳುತ್ತದೆ, ಅಷ್ಟೆ. ಕೊಬ್ಬು ಎಷ್ಟಿದೆಯೆಂಬುದು ನಮ್ಮ ಪ್ರಶ್ನೆ. ಎಲುಬು, ಮಾಂಸ, ರಕ್ತ, ಕರುಳಿನಲ್ಲಿ ಸಾಗುತ್ತಿರುವ ನಿನ್ನೆಯ ಊಟ, ಎಲ್ಲಕ್ಕಿಂತ ಮಿಗಿಲಾಗಿ ನೀರು, ಇವೆಲ್ಲವೂ ಕೂಡಿ ಎಷ್ಟು ಭಾರವೆಂಬುದು ಅದರ ಉತ್ತರ. ವಯಸ್ಕನ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಆಗಿರುವುದರಿಂದ, 70 ಕಿಲೊ ತೂಗುವ ಗಂಡಸಿನಲ್ಲಿ ಸುಮಾರು 40 ಲೀಟರಿನಷ್ಟಿರುವ ಈ ಜಲರಾಶಿಯಲ್ಲಿ ಒಂದು ಲೀಟರು ಅತ್ತಿತ್ತ ಆಗುವುದು ಶರೀರಕ್ಕೆ ಗಣನೀಯವಾದ ಸಂಗತಿಯೇ ಅಲ್ಲ. ಯಂತ್ರದ ಮೇಲಾದರೋ ಅದು ಪೂರ್ತಿ ಒಂದು ಕಿಲೊ.

ಈ ವಿಷಯವನ್ನು ಪರೀಕ್ಷಿಸಲು ಬಸವನಗುಡಿಯ ಮಾಧ್ವರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಏಕಾದಶಿಗಿಂತ ಒಳ್ಳೆಯ ಪ್ರಯೋಗ ಬೇರೆ ಬೇಕಿಲ್ಲ. ದಶಮಿಯ ಮಧ್ಯಾಹ್ನ ಉಂಡು ಕೈತೊಳೆದವರು ಮತ್ತೆ ಎಲೆಯ ಮುಂದೆ ಕೂರುವುದು ದ್ವಾದಶಿಯ ಬೆಳಗ್ಗೆ. ನಡುವೆ ಕಳೆದದ್ದು ಸರಿಸುಮಾರು 40 ಗಂಟೆ. ಪಾರಣೆಗೆ ಮುನ್ನ ಯಂತ್ರದ ಮೇಲೆ ನಿಂತರೆ ಒಂದೂವರೆ ಕಿಲೊ ಇಳಿದಂತೆ ತೋರಿದರೂ ಆಶ್ಚರ್ಯವಿಲ್ಲ. ಅದೆಲ್ಲ ಕೊಬ್ಬೆಂದು ಹಿಗ್ಗುವವರು ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಒಂದು ಕಿಲೊ ಮೈಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೊಕ್ಯಾಲೊರಿ. ಸಾಧಾರಣ ಗೃಹಸ್ಥನೊಬ್ಬನಿಗೆ ಆ 40 ಗಂಟೆಗಳಲ್ಲಿ ವ್ಯಯವಾಗುವುದು 3,000ದ ಆಸುಪಾಸು. ಅದರಲ್ಲಿಯೂ ಒಂದು ಭಾಗವನ್ನು ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೊಜೆನ್ ಎಂಬ ಪಿಷ್ಟದ ರೂಪದಲ್ಲಿ ಕೂಡಿಟ್ಟಿರುವ ದಾಸ್ತಾನೇ ಭರಿಸುವುದರಿಂದ, ಕರಗಿದ ಕೊಬ್ಬು 300 ಗ್ರಾಮಿಗೆ ಹೆಚ್ಚು ಮೀರದು. ಮಿಕ್ಕ ಒಂದು ಕಿಲೊ ಚಿಲ್ಲರೆ ಎಲ್ಲಿ ಹೋಯಿತು?

ಗ್ಲೈಕೊಜೆನ್ನಿನ ಒಂದೊಂದು ಗ್ರಾಮೂ ಸುಮಾರು 3 ಗ್ರಾಂ ನೀರನ್ನು ತನ್ನೊಡನೆ ಹಿಡಿದಿಟ್ಟುಕೊಂಡಿರುತ್ತದೆ; ದಾಸ್ತಾನು ಖರ್ಚಾದಂತೆ ಆ ನೀರಿಗೂ ಬಿಡುಗಡೆ. ಅನ್ನವಿಲ್ಲದಾಗ ರಕ್ತದಲ್ಲಿ ಇನ್ಸುಲಿನ್ ತಗ್ಗಿ, ಅದರ ಫಲವಾಗಿ ಮೂತ್ರಪಿಂಡಗಳು ಉಪ್ಪನ್ನೂ, ಉಪ್ಪಿನ ಬೆನ್ನಿಗೆ ನೀರನ್ನೂ ಹೊರಗಟ್ಟುತ್ತವೆ. ಕರುಳೂ ಬರಿದಾಗಿರುತ್ತದೆ. ಇನ್ನು ದ್ವಾದಶಿಯ ದಿನ ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ, ತೊವ್ವೆ, ಅನ್ನಗಳಿಂದ ಪಾರಣೆಯಾಯಿತೋ, ಗ್ಲೈಕೊಜೆನ್ ಪುನಃ ತುಂಬಿಕೊಳ್ಳತೊಡಗುತ್ತದೆ, ನೀರು ಮರಳುತ್ತದೆ, ತೂಕ ಎರಡು ದಿನಗಳಲ್ಲಿ ಹಿಂದಿನ ಮಟ್ಟದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಹೊಸ ಪಥ್ಯದ ಮೊದಲ ವಾರದಲ್ಲಿ ಮೂರು ಕಿಲೊ ಇಳಿಸುವೆವೆಂದು ಸಾರುವ ಜಾಹೀರಾತುಗಳ ಗುಟ್ಟೂ ಬಹುಮಟ್ಟಿಗೆ ಇಷ್ಟೆ. ಏಕಾದಶಿಯವರು ಅದಕ್ಕೆ ಹಣ ಕೇಳುವುದಿಲ್ಲವೆಂಬುದೊಂದೇ ವ್ಯತ್ಯಾಸ.

ಏರಿಕೆಯ ಕಥೆಯೂ ಇದೇ ದಾರಿಯದು. ಛತ್ರದ ಮದುವೆಯೂಟದಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಗೊಜ್ಜುಗಳ ಮೂಲಕ ನಾಲ್ಕೈದು ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಸೇರಿತೆನ್ನಿ. ಜೀವಕೋಶಗಳ ಹೊರಗಿರುವ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿನ ಸಾಂದ್ರತೆಯನ್ನು ಕಾಪಾಡಬೇಕಾಗಿರುವುದರಿಂದ, ಶರೀರವು ಬಾಯಾರಿಕೆಯನ್ನು ಹುಟ್ಟಿಸಿ ಅರ್ಧ ಲೀಟರು ನೀರನ್ನು ತರಿಸಿಕೊಂಡು ಒಂದೆರಡು ದಿನ ಇಟ್ಟುಕೊಳ್ಳುತ್ತದೆ. ಒಂದು ಕಿಲೊ ಕೊಬ್ಬು ಒಂದೇ ರಾತ್ರಿಯಲ್ಲಿ ಬೆಳೆಯಬೇಕಾದರೆ ಆ ದಿನದ ಅಗತ್ಯವನ್ನೆಲ್ಲ ಪೂರೈಸಿದ ಮೇಲೆ ಇನ್ನೂ ಮೂರು ನಾಲ್ಕು ದಿನಗಳ ಊಟವನ್ನು ಒಟ್ಟಿಗೆ ಉಣ್ಣಬೇಕು. ಬೀಗರೂಟದಲ್ಲಿಯೂ ಅದು ಸುಲಭಸಾಧ್ಯವಲ್ಲ. ಸ್ತ್ರೀಯರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ, ಹೊಸದಾಗಿ ವ್ಯಾಯಾಮಕ್ಕಿಳಿದವರಲ್ಲಿ ಮೈಕೈ ನೋಯುವ ದಿನಗಳಲ್ಲಿ ನೀರು ನಿಲ್ಲುವುದೂ ಸಾಮಾನ್ಯ.

ಈ ಏರಿಳಿತದ ಬೆನ್ನುಹತ್ತಿದವರಲ್ಲಿ ಪ್ರಾಚೀನನು ಇಟಲಿಯ ಪಾದುವಾದಲ್ಲಿದ್ದ ವೈದ್ಯ ಸಾಂಟೋರಿಯೊ. ದೊಡ್ಡ ತೂಗುಕೋಲಿಗೆ ನೇತುಹಾಕಿದ ಕುರ್ಚಿಯಲ್ಲಿ ಕುಳಿತು ತನ್ನನ್ನೂ, ತಾನು ಉಂಡದ್ದನ್ನೂ, ವಿಸರ್ಜಿಸಿದ್ದನ್ನೂ ತೂಗಿ ತೂಗಿ, 8 ಪೌಂಡು ಉಂಡರೆ 5 ಪೌಂಡು ಕಣ್ಣಿಗೆ ಕಾಣದಂತೆಯೇ ಮಾಯವಾಗುವುದೆಂದು 1614ರ ತನ್ನ ಗ್ರಂಥದಲ್ಲಿ ಆತನು ಬರೆದನು. ಹಾಗೆ ಮಾಯವಾಗುವುದು ಚರ್ಮದಿಂದಲೂ ಉಸಿರಿನಿಂದಲೂ ಹೋಗುವ ತೇವ, ಜೊತೆಗೆ ಇಂಗಾಲದ ಡೈಆಕ್ಸೈಡ್. ಕೊಬ್ಬೂ ಕೂಡ ಹೊರಡುವುದು ಆ ಮಾರ್ಗದಿಂದಲೇ: 10 ಕಿಲೊ ಕೊಬ್ಬು ದಹಿಸಿದರೆ 8.4 ಕಿಲೊ ಉಸಿರಿನಲ್ಲಿ ಅನಿಲವಾಗಿಯೂ 1.6 ಕಿಲೊ ನೀರಾಗಿಯೂ ಹೋಗುತ್ತದೆಂದು ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 2014ರಲ್ಲಿ ಲೆಕ್ಕ ಕಟ್ಟಿ ತೋರಿಸಿದರು. ಬೆವರಿನಲ್ಲಿ ಕೊಬ್ಬು ಕರಗಿ ಹರಿಯುತ್ತದೆಂಬ ನಂಬಿಕೆಯಿಂದ ಬಿಸಿಲಲ್ಲಿ ದಪ್ಪ ಬಟ್ಟೆ ತೊಟ್ಟು ಓಡುವವರು ಕಳೆದುಕೊಳ್ಳುವುದು ನೀರನ್ನು; ಒಂದು ತಂಬಿಗೆ ಕುಡಿದರೆ ಅದು ಮರಳಿ ಬಂದಂತೆಯೇ.

ಮತ್ತೆ ಮೆಜೆಸ್ಟಿಕ್ಕಿಗೇ ಬರುವುದಾದರೆ, ಅಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿರುವ ನೆಲ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತಷ್ಟೆ. ಆ ಕೆರೆ ತುಂಬಿದ್ದ ಕಾಲದಲ್ಲಿ ಯಾವನಾದರೂ ಹೂಳು ತೆಗೆಸಹೊರಟು, ದಿನದಿನದ ಕೆಲಸವನ್ನು ನೀರಿನ ಮಟ್ಟದಿಂದ ಅಳೆದಿದ್ದರೆ, ಮಳೆ ಬಂದ ದಿನ ಹೂಳು ಹೆಚ್ಚಿತೆಂದೂ ತೂಬೆತ್ತಿದ ದಿನ ತಗ್ಗಿತೆಂದೂ ಬರೆದಿಡಬೇಕಾಗುತ್ತಿತ್ತು. ದಿನಕ್ಕೆ 500 ಕಿಲೊಕ್ಯಾಲೊರಿ ಕಡಿಮೆ ಉಣ್ಣುವವನ ಕೊಬ್ಬು ದಿನವೊಂದಕ್ಕೆ ಕರಗುವುದು 65 ಗ್ರಾಂ. ಮನೆಯ ಯಂತ್ರಗಳಲ್ಲಿ ಹಲವು ತೋರಬಲ್ಲ ಅತಿ ಸಣ್ಣ ಅಂಕವೇ 100 ಗ್ರಾಂ! ಆದ್ದರಿಂದ ಬೆಳಗ್ಗೆ ಶೌಚ ಮುಗಿಸಿ, ಕಾಫಿಗೆ ಮುನ್ನ ತೂಗಿ ಬರೆದಿಟ್ಟು, ಏಳು ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸುವುದೇ ಯುಕ್ತ. ಮೂರು ನಾಲ್ಕು ವಾರಗಳ ಸರಾಸರಿಗಳು ಇಳಿಮುಖವಾಗಿದ್ದರೆ ನಡುವಿನ ಯಾವ ಬೆಳಗ್ಗೆ ಏನು ತೋರಿತೆಂಬುದನ್ನು ಲೆಕ್ಕಕ್ಕೆ ತರಬೇಕಾಗಿಲ್ಲ. ದಿನವೂ ನೋಡಿದರೆ ಮನಸ್ಸು ಕೆಡುವಂಥವರು ವಾರಕ್ಕೊಮ್ಮೆ ನೋಡಿದರೂ ಸಾಕು.

ಹೃದಯ ದುರ್ಬಲವಾಗಿರುವ ರೋಗಿಗಳ ಮಾತು ಮಾತ್ರ ಬೇರೆ. ಅವರಲ್ಲಿ ನೀರೇ ರೋಗದ ಲಕ್ಷಣ. ಮೂರು ದಿನಗಳೊಳಗೆ ತೂಕವು 2 ಕಿಲೊಗಿಂತ ಹೆಚ್ಚಿದರೆ, ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ, ಅಂಥವರು ವಾರದ ಸರಾಸರಿಗಾಗಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.