ಚಿನ್ನದ ಸಯನೈಡೀಕರಣ

'''ಚಿನ್ನದ ಸಯನೈಡೀಕರಣ''' ಎಂದರೆ ಅದಿರಿನ ಪುಡಿಯಲ್ಲಿರುವ ಚಿನ್ನವನ್ನು ಸಯನೈಡ್‌ನ ದುರ್ಬಲ ದ್ರಾವಣದಲ್ಲಿ ಕರಗಿಸಿ ಬೇರ್ಪಡಿಸುವ ವಿಧಾನ. ಕರ್ನಾಟಕದ ಕೋಲಾರ ಚಿನ್ನದ ಗಣಿಗಳಲ್ಲಿ ಈ ವಿಧಾನವು ದೀರ್ಘಕಾಲ ಬಳಕೆಯಲ್ಲಿತ್ತು. ಒಂದು ಕ್ರಿಯೆ ನಡೆಯಬಲ್ಲದೇ ಎಂಬುದನ್ನು ವಿದ್ಯುದ್ವಾರ ವಿಭವಗಳು ತಿಳಿಸುತ್ತವೆ. ಅದು ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ತಿಳಿಯಲು ಕ್ರಿಯಾದರವನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ. ಈ ಎರಡು ವಿಷಯಗಳ ವ್ಯತ್ಯಾಸವನ್ನು ಸಯನೈಡೀಕರಣವು ಸ್ಪಷ್ಟವಾಗಿ ತೋರಿಸುತ್ತದೆ.

== ಇತಿಹಾಸ ==

ಚಿನ್ನವು ಸಯನೈಡ್ ದ್ರಾವಣದಲ್ಲಿ ಕರಗಲು ಆಮ್ಲಜನಕ ಅಗತ್ಯವೆಂಬುದನ್ನು 1846ರಲ್ಲಿ ಎಲ್ಸ್ನರ್ ತೋರಿಸಿದನು. ಇದನ್ನು ಗಣಿ ಉದ್ಯಮಕ್ಕೆ ಹೊಂದುವ ವಿಧಾನವಾಗಿ ರೂಪಿಸಿ 1887ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು.

ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಿಂದ ಆಧುನಿಕ ಗಣಿಗಾರಿಕೆಯನ್ನು ಕೈಗೊಂಡಿತು. ಅದಿರನ್ನು ಕುಟ್ಟಿ ಪುಡಿಮಾಡಿ, ಪಾದರಸದ ನೆರವಿನಿಂದ ದಪ್ಪ ಕಣಗಳ ಚಿನ್ನವನ್ನು ಮೊದಲು ಹಿಡಿಯಲಾಗುತ್ತಿತ್ತು. ಪಾದರಸಕ್ಕೆ ಸಿಗದೆ ಉಳಿದ ಸೂಕ್ಷ್ಮ ಚಿನ್ನವನ್ನು ಪಡೆಯಲು ಸಯನೈಡ್ ಬಳಕೆಗೆ ಬಂದಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಈ ಗಣಿಗಳನ್ನು ತಲುಪಿತು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆ ಇಂದಿಗೂ ನಡೆಯುತ್ತಿದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿಯೂ ಹಳೆಯ ಚಿನ್ನದ ಗಣಿಗಳ ಕುರುಹುಗಳಿವೆ.

== ವಿದ್ಯುದ್ರಾಸಾಯನಿಕ ತತ್ವ ==

ಒಟ್ಟು ಕ್ರಿಯೆಯನ್ನು ಎಲ್ಸ್ನರ್ ಸಮೀಕರಣ ಎನ್ನುತ್ತಾರೆ:

4 ಚಿನ್ನ + 8 ಸಯನೈಡ್ ಅಯಾನು + 1 ಆಮ್ಲಜನಕ + 2 ನೀರು → 4 ಚಿನ್ನದ ಸಯನೈಡ್ ಸಂಕೀರ್ಣ ಅಯಾನು + 4 ಹೈಡ್ರಾಕ್ಸೈಡ್ ಅಯಾನು

ಚಿನ್ನದ ಕಣವೊಂದು ಈ ದ್ರಾವಣದಲ್ಲಿ ಪುಟ್ಟ ವಿದ್ಯುತ್ಕೋಶದಂತೆ ವರ್ತಿಸುತ್ತದೆ. ಕಣದ ಒಂದು ಭಾಗ ಆನೋಡ್ ಆಗಿ, ಅಲ್ಲಿ ಚಿನ್ನದ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಕಳೆದುಕೊಳ್ಳುತ್ತವೆ (ಉತ್ಕರ್ಷಣ). ಆ ಎಲೆಕ್ಟ್ರಾನ್‌ಗಳು ಲೋಹದ ಮೂಲಕವೇ ಹರಿದು ಕ್ಯಾಥೋಡ್ ಆಗಿರುವ ಮತ್ತೊಂದು ಭಾಗವನ್ನು ತಲುಪುತ್ತವೆ. ಅಲ್ಲಿ ಆಮ್ಲಜನಕವು ಅವುಗಳನ್ನು ಪಡೆಯುತ್ತದೆ (ಅಪಕರ್ಷಣ). ಕಬ್ಬಿಣಕ್ಕೆ ತುಕ್ಕು ಹಿಡಿಯುವ ಬಗೆಯೂ ಇದೇ.

ಸಂಬಂಧಿಸಿದ ಪ್ರಮಾಣಿತ ಅಪಕರ್ಷಣ ವಿಭವಗಳು ಸುಮಾರಾಗಿ ಹೀಗಿವೆ:

* ಚಿನ್ನದ ಅಯಾನು (ಏಕ ಧನಾವೇಶ) / ಚಿನ್ನ: +1.69 ವೋಲ್ಟ್
* ಆಮ್ಲಜನಕ / ಹೈಡ್ರಾಕ್ಸೈಡ್: +0.40 ವೋಲ್ಟ್
* ಚಿನ್ನದ ಸಯನೈಡ್ ಸಂಕೀರ್ಣ / ಚಿನ್ನ: −0.60 ವೋಲ್ಟ್
* ಸತುವಿನ ಸಯನೈಡ್ ಸಂಕೀರ್ಣ / ಸತು: −1.26 ವೋಲ್ಟ್

ಸಯನೈಡ್ ಇಲ್ಲದಿದ್ದರೆ ಕೋಶದ ವಿಭವ 0.40 − 1.69 = −1.29 ವೋಲ್ಟ್ ಆಗುತ್ತದೆ. ಋಣ ಚಿಹ್ನೆಯು ಕ್ರಿಯೆ ತಾನಾಗಿ ನಡೆಯದೆಂಬುದನ್ನು ಸೂಚಿಸುತ್ತದೆ; ಚಿನ್ನದ ಒಡವೆ ಗಾಳಿ ನೀರಿಗೆ ಮಾಸದಿರುವುದು ಇದರಿಂದಲೇ. ಸಯನೈಡ್ ಇದ್ದಾಗ ವಿಭವ 0.40 − (−0.60) = +1.00 ವೋಲ್ಟ್. ಎಲ್ಸ್ನರ್ ಸಮೀಕರಣದಲ್ಲಿ 4 ಎಲೆಕ್ಟ್ರಾನ್‌ಗಳು ವರ್ಗಾವಣೆಯಾಗುವುದರಿಂದ ಗಿಬ್ಸ್ ಮುಕ್ತ ಶಕ್ತಿಯ ವ್ಯತ್ಯಾಸ −4 × 96,500 × 1.00, ಅಂದರೆ ಸುಮಾರು −386 ಕಿಲೋಜೂಲ್.

ಸಯನೈಡ್ ಇಲ್ಲಿ ಉತ್ಕರ್ಷಕವಲ್ಲ. ಎಲೆಕ್ಟ್ರಾನ್ ಪಡೆಯುವುದು ಆಮ್ಲಜನಕವೇ. ಸಯನೈಡ್ ಚಿನ್ನದ ಅಯಾನನ್ನು ಅತಿ ಬಿಗಿಯಾದ ಸಂಕೀರ್ಣದಲ್ಲಿ ಬಂಧಿಸುವುದರಿಂದ ದ್ರಾವಣದಲ್ಲಿ ಬಿಡಿ ಅಯಾನುಗಳು ಬಹುತೇಕ ಉಳಿಯುವುದಿಲ್ಲ. ನರ್ನ್‌ಸ್ಟ್ ಸಮೀಕರಣದ ಪ್ರಕಾರ ವಿಭವವು 2.29 ವೋಲ್ಟ್‌ನಷ್ಟು ಕುಸಿಯುತ್ತದೆ.

== ಕ್ರಿಯಾದರ ==

ಮುಕ್ತ ಶಕ್ತಿ ಇಷ್ಟು ಅನುಕೂಲಕರವಾಗಿದ್ದರೂ ಚಿನ್ನ ಬಹು ನಿಧಾನವಾಗಿ ಕರಗುತ್ತದೆ. ಅನುಕೂಲ ಸ್ಥಿತಿಯಲ್ಲಿಯೂ ಪ್ರತಿ ಚದರ ಸೆಂಟಿಮೀಟರ್ ಮೇಲ್ಮೈಯಿಂದ ಗಂಟೆಗೆ ಸುಮಾರು 3 ಮಿಲಿಗ್ರಾಂ ಮಾತ್ರ. ಚಿನ್ನದ ಸಾಂದ್ರತೆ 19.3 ಆಗಿರುವುದರಿಂದ, 0.04 ಮಿಲಿಮೀಟರ್ ದಪ್ಪದ ಹಾಳೆ ಎರಡೂ ಬದಿಗಳಿಂದ ಕರಗಿ ಮುಗಿಯಲು ಸುಮಾರು 13 ಗಂಟೆ ಬೇಕು. ದಪ್ಪ ಹತ್ತು ಪಟ್ಟಾದರೆ ಕಾಲವೂ ಹತ್ತು ಪಟ್ಟಾಗಿ ಐದು ದಿನಗಳನ್ನು ಮೀರುತ್ತದೆ. ಅದಿರನ್ನು ನುಣ್ಣಗೆ ಅರೆಯುವುದೂ ದಪ್ಪ ಕಣಗಳನ್ನು ಮೊದಲೇ ಬೇರ್ಪಡಿಸುವುದೂ ಈ ಕಾರಣದಿಂದ.

ದರವನ್ನು ನಿರ್ಧರಿಸುವ ಹಂತವೆಂದರೆ ಪ್ರತಿವರ್ತಕಗಳು ದ್ರಾವಣದಿಂದ ಚಿನ್ನದ ಮೇಲ್ಮೈಗೆ ಬಂದು ತಲುಪುವ ವಿಸರಣ ಹಂತ.

=== ಸಾರತೆಯ ಪ್ರಭಾವ ===

ಸಯನೈಡ್ ಅತಿ ಕಡಿಮೆ ಇದ್ದಾಗ ದರವು ಅದರ ಸಾರತೆಗೆ ಅನುಪಾತದಲ್ಲಿರುತ್ತದೆ. ಸಯನೈಡ್‌ಗೆ ಸಂಬಂಧಿಸಿದಂತೆ ಇದು ಪ್ರಥಮ ಆರ್ಡರ್ ಕ್ರಿಯೆ. ಒಂದು ಮಿತಿಯ ನಂತರ ಸಯನೈಡ್ ಎಷ್ಟು ಹೆಚ್ಚಿಸಿದರೂ ದರ ಏರುವುದಿಲ್ಲ. ಆಗ ಅದು ಶೂನ್ಯ ಆರ್ಡರ್, ದರವನ್ನು ನಿಯಂತ್ರಿಸುವುದು ಕರಗಿದ ಆಮ್ಲಜನಕ.

ಈ ಮಿತಿಯನ್ನು ಲೆಕ್ಕ ಹಾಕಬಹುದು. ಆಮ್ಲಜನಕದ ಅಣು ಮೊದಲು ಎರಡು ಎಲೆಕ್ಟ್ರಾನ್ ಪಡೆದು ಬಹುಪಾಲು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಆಗ ಒಂದು ಆಮ್ಲಜನಕಕ್ಕೆ ಎರಡು ಚಿನ್ನದ ಪರಮಾಣುಗಳೂ ನಾಲ್ಕು ಸಯನೈಡ್‌ಗಳೂ ಬೇಕು. ಆಮ್ಲಜನಕದ ವಿಸರಣ ಗುಣಾಂಕ ಸಯನೈಡ್‌ನದಕ್ಕಿಂತ ಸುಮಾರು 1.5 ಪಟ್ಟು ಹೆಚ್ಚು. ಆದ್ದರಿಂದ ಸಯನೈಡ್ ಮತ್ತು ಆಮ್ಲಜನಕದ ಸಾರತೆಗಳ ತಕ್ಕ ಅನುಪಾತ 4 × 1.5 = 6. ಗಾಳಿಯೊಡನೆ ಸಂಪರ್ಕದಲ್ಲಿರುವ 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಇದಕ್ಕೆ ಹೊಂದುವ ಸೋಡಿಯಂ ಸಯನೈಡ್ ಲೀಟರಿಗೆ 0.1 ಗ್ರಾಂಗಿಂತಲೂ ಕಡಿಮೆ. ಅದಿರಿನ ಇತರ ಖನಿಜಗಳೂ ಸಯನೈಡನ್ನು ಕಬಳಿಸುವುದರಿಂದ ವಾಸ್ತವದಲ್ಲಿ ಹೆಚ್ಚು ಬೇಕಾಗುತ್ತದೆ. ಆದರೂ ದರವನ್ನು ಏರಿಸುವ ದಾರಿ ವಿಷವನ್ನು ಹೆಚ್ಚಿಸುವುದಲ್ಲ, ಗಾಳಿಯೂದಿ ಕಲಕುವುದು.

=== ತಾಪದ ಪ್ರಭಾವ ===

ಚಿನ್ನ ಕರಗುವ ಕ್ರಿಯೆಯ ಸಕ್ರಿಯಣ ಶಕ್ತಿ ಮೋಲ್‌ಗೆ ಸುಮಾರು 8ರಿಂದ 20 ಕಿಲೋಜೂಲ್. ಇದನ್ನು 15 ಎಂದು ಇಟ್ಟುಕೊಂಡರೆ, ಅರ್ಹೇನಿಯಸ್ ಸಮೀಕರಣದ ಪ್ರಕಾರ 25ರಿಂದ 35 ಡಿಗ್ರಿಗೆ ಏರಿಸಿದಾಗ ದರವು ಸುಮಾರು 22 ಶೇಕಡಾ ಮಾತ್ರ ಹೆಚ್ಚುತ್ತದೆ. ಸಕ್ರಿಯಣ ಶಕ್ತಿ 50 ಕಿಲೋಜೂಲ್ ಇರುವ ಕ್ರಿಯೆಯ ದರ ಇಷ್ಟೇ ಏರಿಕೆಗೆ ಸುಮಾರು ಇಮ್ಮಡಿಯಾಗುತ್ತದೆ. ಕಡಿಮೆ ಸಕ್ರಿಯಣ ಶಕ್ತಿಯು ವಿಸರಣ ನಿಯಂತ್ರಿತ ಕ್ರಿಯೆಯ ಲಕ್ಷಣ. ಇದಲ್ಲದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ.

== ಸತುವಿನಿಂದ ಚಿನ್ನದ ಮರುಪಡೆಯುವಿಕೆ ==

ಸೋಸಿದ ದ್ರಾವಣಕ್ಕೆ ಸತುವಿನ ಪುಡಿಯನ್ನು ಬೆರೆಸಿದರೆ ಸತು ಕರಗಿ ಚಿನ್ನ ಹೊರಬೀಳುತ್ತದೆ. ಇಲ್ಲಿ ಕೋಶದ ವಿಭವ −0.60 − (−1.26) = +0.66 ವೋಲ್ಟ್. ಸಮೀಕರಣದ ಪ್ರಕಾರ ಸುಮಾರು 65 ಗ್ರಾಂ ಸತು 394 ಗ್ರಾಂ ಚಿನ್ನವನ್ನು ಹೊರತರಬಲ್ಲದು. ಸತು ನೀರಿನೊಡನೆಯೂ ಆಮ್ಲಜನಕದೊಡನೆಯೂ ವರ್ತಿಸುವುದರಿಂದ ವಾಸ್ತವದಲ್ಲಿ ಹೆಚ್ಚು ಖರ್ಚಾಗುತ್ತದೆ. ಆಮ್ಲಜನಕ ಉಳಿದಿದ್ದರೆ ಚಿನ್ನ ಮತ್ತೆ ಕರಗಬಹುದಾದ್ದರಿಂದ ಈ ಹಂತಕ್ಕೆ ಮುನ್ನ ಅದನ್ನು ತೆಗೆದುಹಾಕುವುದು ರೂಢಿ. ಇಂದು ಅನೇಕ ಕಡೆ ಸತುವಿನ ಬದಲು ಸಕ್ರಿಯಗೊಳಿಸಿದ ಇದ್ದಿಲನ್ನು ಬಳಸುತ್ತಾರೆ.

== ಅಪಾಯ ಮತ್ತು ಸುರಕ್ಷತೆ ==

ದ್ರಾವಣದ ಪಿಎಚ್ 9.2ಕ್ಕೆ ಇಳಿದರೆ ಸಯನೈಡ್‌ನ ಅರ್ಧ ಭಾಗ ಹೈಡ್ರೋಜನ್ ಸಯನೈಡ್ ಆಗಿ ಮಾರ್ಪಡುತ್ತದೆ. ಇದು 26 ಡಿಗ್ರಿಯಲ್ಲಿಯೇ ಕುದಿಯುವ ಮಾರಕ ವಿಷ. ಜೀವಕೋಶಗಳಲ್ಲಿ ಆಮ್ಲಜನಕವು ಎಲೆಕ್ಟ್ರಾನ್ ಪಡೆಯುವ ಅಂತಿಮ ಹಂತವನ್ನೇ ತಡೆಯುತ್ತದೆ. ಆದ್ದರಿಂದ ಸುಣ್ಣ ಬೆರೆಸಿ ಪಿಎಚ್ ಅನ್ನು 10ಕ್ಕಿಂತ ಮೇಲಿರಿಸುತ್ತಾರೆ.

== ಕೋಲಾರದ ಸಯನೈಡ್ ದಿಬ್ಬಗಳು ==

ಚಿನ್ನ ತೆಗೆದ ನಂತರ ಉಳಿದ ನುಣುಪಾದ ಪುಡಿ ಕೆ.ಜಿ.ಎಫ್. ಪಟ್ಟಣದ ಸುತ್ತ 13 ದಿಬ್ಬಗಳಾಗಿ ನಿಂತಿದೆ. ಇವುಗಳ ಒಟ್ಟು ತೂಕ 3 ಕೋಟಿ ಟನ್‌ಗಳಿಗೂ ಹೆಚ್ಚು. ಜನರು ಇವನ್ನು ಸಯನೈಡ್ ದಿಬ್ಬಗಳೆಂದು ಕರೆದರೂ, ಗಾಳಿ ಬಿಸಿಲಿಗೆ ಒಡ್ಡಿಕೊಂಡ ಬಿಡಿ ಸಯನೈಡ್ ಬೇಗನೆ ಆವಿಯಾಗುತ್ತದೆ ಇಲ್ಲವೇ ವಿಘಟನೆಯಾಗುತ್ತದೆ. ಪುಡಿಯಲ್ಲಿರುವ ಸಲ್ಫೈಡ್ ಖನಿಜಗಳ ಉತ್ಕರ್ಷಣೆ ಹಾಗಲ್ಲ. ಅದು ಮೆಲ್ಲಗೆ, ದಶಕಗಳ ಕಾಲ ನಡೆಯುವ ಕ್ರಿಯೆ. ಆಮ್ಲವನ್ನೂ ಕರಗಬಲ್ಲ ಲೋಹಗಳನ್ನೂ ಅದು ಬಿಡುಗಡೆ ಮಾಡಬಲ್ಲದು. ಬೇಸಿಗೆಯ ಗಾಳಿಗೆ ಈ ಧೂಳು ವಸತಿ ಪ್ರದೇಶಗಳಿಗೂ ಹರಡುತ್ತದೆ. ಅರೆಯುವಿಕೆಯಿಂದ ಕಣಗಳ ಮೇಲ್ಮೈ ವಿಸ್ತಾರ ಹೆಚ್ಚಿರುವುದು ಒಂದು ಕಾಲಕ್ಕೆ ಚಿನ್ನ ಕರಗಲು ನೆರವಾದಂತೆ ಈಗ ಈ ಉತ್ಕರ್ಷಣೆಗೂ ನೆರವಾಗುತ್ತಿದೆ.

ದಿಬ್ಬಗಳಲ್ಲಿ ಅಲ್ಪ ಪ್ರಮಾಣದ ಚಿನ್ನವೂ ಉಳಿದಿದೆ. ಇದನ್ನು ಮರಳಿ ಪಡೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆ ನೀಡಿತು.