ಹೊಸ ವೈಫೈಗೆ ಡ್ರೈಯರಿನ ಥರ್ಮೋಸ್ಟಾಟ್ ಜೋಡಿಸುವ ವಿಚಾರ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ದಾಟಿ ಅಬ್ಬಲಗೆರೆಯ ಕಡೆಗೆ ಹೋದಂತೆ, ಮನೆಯ ಹಿಂದೆ ಒಂದಿಷ್ಟು ಜಾಗವಿಟ್ಟುಕೊಂಡು ಅಲ್ಲಿಯೇ ಅಡಿಕೆ ಡ್ರೈಯರ್ ಹಾಕಿಕೊಂಡಿರುವ ಸದಸ್ಯ ಬಾಂಧವರಿಂದ ನಮಗೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮನೆಗೆ ಫೈಬರ್ ಸಂಪರ್ಕ ಬಂತು, ತಾಮ್ರದ ತಂತಿಯ ಹಳೆಯ ಮೋಡೆಮ್ ತೆಗೆದು ಹೊಸದನ್ನು ಕೂರಿಸಿ ಹೋದರು, ಫೋನಿಗೂ ಟಿ.ವಿ.ಗೂ ಹೊಸ ಪಾಸ್‌ವರ್ಡ್ ಕೊಟ್ಟದ್ದಾಯಿತು. ಆದರೆ ಶೆಡ್ಡಿನಲ್ಲಿರುವ ಥರ್ಮೋಸ್ಟಾಟ್ ಅಂದಿನಿಂದ ಫೋನಿಗೆ ಸಿಗುತ್ತಿಲ್ಲ, ಏನು ಮಾಡುವುದೆಂದು ಕೇಳುತ್ತಾರೆ. ಪಾರ್ಚ್‌ಮೆಂಟ್ ಒಣಗಿಸುವ ಕಾಫಿ ಬೆಳೆಗಾರರದ್ದೂ ಇದೇ ತೊಂದರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಥರ್ಮೋಸ್ಟಾಟ್ ನಮಗೆ ಹೊಸದಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲಿ, ಗೀಸರಿನಲ್ಲಿ ಇರುವುದು ಅದೇ. ಹಳೆಯ ಮಾದರಿಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಶಾಖಕ್ಕೆ ಬಾಗಿ ವಿದ್ಯುತ್ತನ್ನು ಕಡಿಯುತ್ತಿತ್ತು, ತಣ್ಣಗಾದ ಮೇಲೆ ನೆಟ್ಟಗಾಗಿ ಮತ್ತೆ ಕೂಡಿಸುತ್ತಿತ್ತು. ಅದು ಯಾರಲ್ಲಿಯೂ ಪಾಸ್‌ವರ್ಡ್ ಕೇಳಿದ್ದಿಲ್ಲ. ಈಗಿನದರಲ್ಲಿ ಶಾಖವನ್ನು ಅಳೆಯುವ ಒಂದು ಸೆನ್ಸರ್, ಹೀಟರನ್ನೋ ಬ್ಲೋವರನ್ನೋ ಹಾಕಿ ಆರಿಸುವ ಒಂದು ರಿಲೇ, ಇವೆರಡರ ನಡುವೆ ಲೆಕ್ಕ ನೋಡುವ ಒಂದು ಸಣ್ಣ ಚಿಪ್ ಇರುತ್ತವೆ. ಆ ಚಿಪ್ಪಿಗೆ ವೈಫೈ ಸೇರಿಸಿದರೆ ಅದೇ ‘ಸ್ಮಾರ್ಟ್’ ಥರ್ಮೋಸ್ಟಾಟ್. ಅಮೆರಿಕದಂತಹ ಚಳಿ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಇದನ್ನು ಗೋಡೆಗೆ ಹಾಕಿಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಮನೆ ಕಾಯಿಸುವ ಅಗತ್ಯವಿಲ್ಲ; ಕೊನೆಕೊಯ್ಲಿನ ಕಾಲದಲ್ಲಿ ಮೋಡ ಕವಿದು ಅಂಗಳದಲ್ಲಿ ಹರಡಿದ ಅಡಿಕೆ ಒಣಗದಿದ್ದಾಗ ಇದರ ಬೆಲೆ ತಿಳಿಯುತ್ತದೆ.

ಮೊದಲು ಒಂದು ಮುಖ್ಯ ವಿಷಯ. ಸಂಪರ್ಕ ತಪ್ಪಿದ ಮಾತ್ರಕ್ಕೆ ಡ್ರೈಯರ್ ನಿಲ್ಲುವುದಿಲ್ಲ. ಹೆಚ್ಚಿನ ಥರ್ಮೋಸ್ಟಾಟ್‌ಗಳು ಕೊನೆಗೆ ಕೊಟ್ಟ ಶಾಖದ ಅಂಕಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದು, ಇಂಟರ್‌ನೆಟ್ ಇದ್ದರೂ ಇಲ್ಲದಿದ್ದರೂ ಅದರಂತೆ ಕೆಲಸ ನಡೆಸುತ್ತವೆ. ಅಪಾಯವಿರುವುದು ಫೋನಿನಲ್ಲಿ. ಕೆಲವು ಆಪ್‌ಗಳು ಸಂಪರ್ಕ ತಪ್ಪಿದ ಮೇಲೆಯೂ ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಿರುತ್ತವೆ; ಮೂಲೆಯಲ್ಲಿ ಸಣ್ಣದಾಗಿ ‘ಆಫ್‌ಲೈನ್’ ಎಂದು ಬರೆದಿರುತ್ತದೆ, ಅಷ್ಟೆ. ಫೋನಿನಲ್ಲಿ ಶಾಖ ಸರಿಯಾಗಿದೆಯೆಂದು ನೆಮ್ಮದಿಯಿಂದ ಮಲಗಿದರೆ ಬೆಳಗಾಗುವಾಗ ಬೇಯಿಸಿದ ಅಡಿಕೆ ಬೂಷ್ಟು ಹಿಡಿದಿರಬಹುದು, ಇಲ್ಲವೆ ಪಾರ್ಚ್‌ಮೆಂಟ್ ಕಾದು ಒಡೆದಿರಬಹುದು. ಆದುದರಿಂದ ಮರುಜೋಡಣೆ ಮುಗಿಯುವವರೆಗೆ ಶೆಡ್ಡಿನಲ್ಲಿ ಒಂದು ಸಾಧಾರಣ ಥರ್ಮಾಮೀಟರ್ ತೂಗುಹಾಕಿ, ಯಾರಾದರೂ ಹೋಗಿ ನೋಡಿಬರುವ ಏರ್ಪಾಟು ಮಾಡಬೇಕು. ಥರ್ಮೋಸ್ಟಾಟಿನ ಮೇಲೆಯೇ ಗುಂಡಿಗಳಿದ್ದರೆ ಅಂಕಿಯನ್ನು ಒಂದೆರಡು ಡಿಗ್ರಿ ಮೇಲೆ ಕೆಳಗೆ ಮಾಡಿ, ರಿಲೇ ‘ಟಕ್’ ಎನ್ನುವುದೇ ಎಂದು ಕೇಳಿ ನೋಡಿರಿ. ಎಂದರೆ ಯಂತ್ರ ಕೆಟ್ಟಿಲ್ಲ, ಸಂಪರ್ಕ ಮಾತ್ರ ತಪ್ಪಿದೆ ಎಂದು ತಿಳಿಯಬಹುದು.

ಸಂಪರ್ಕ ತಪ್ಪಿದ್ದು ಏಕೆ? ಹಿಂದೆ ಜೋಡಿಸಿದಾಗ ಕೊಟ್ಟ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಥರ್ಮೋಸ್ಟಾಟಿನ ನೆನಪಿನಲ್ಲಿ ಉಳಿದಿರುತ್ತದೆ. ಹೊಸ ಮೋಡೆಮಿನ ಹೆಸರು ಬೇರೆ. ಮನೆ ಬದಲಾಯಿಸಿದವರ ಹಳೆಯ ಬಾಗಿಲನ್ನು ಅಂಚೆಯವನು ದಿನವೂ ಬಂದು ತಟ್ಟಿದ ಹಾಗೆ, ಅದು ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಪಕ್ಕದಲ್ಲಿ ಹೊಸ ಮೋಡೆಮ್ ಇದ್ದರೂ ಅದರ ಗೊಡವೆಗೆ ಹೋಗುವುದಿಲ್ಲ.

ಇದಕ್ಕೆ ಅತ್ಯಂತ ಸುಲಭವಾದ ಉಪಾಯವನ್ನು ಹೆಚ್ಚು ಜನ ಮಾಡುವುದೇ ಇಲ್ಲ. ಥರ್ಮೋಸ್ಟಾಟಿಗೆ ಹೊಸ ಹೆಸರು ಕಲಿಸುವ ಬದಲು ಹೊಸ ಮೋಡೆಮಿಗೆ ಹಳೆಯ ಹೆಸರನ್ನು, ಹಳೆಯ ಪಾಸ್‌ವರ್ಡನ್ನು ಇಟ್ಟುಬಿಡುವುದು. ಆಗ ಥರ್ಮೋಸ್ಟಾಟ್, ಪಂಪಿನ ಸ್ವಿಚ್ಚು, ಕ್ಯಾಮೆರಾ, ಎಲ್ಲವೂ ಯಾರೂ ಮುಟ್ಟದೆಯೇ ಬಂದು ಸೇರಿಕೊಳ್ಳುತ್ತವೆ. ಫೈಬರ್ ಜೋಡಿಸಲು ಬಂದವರು ಮನೆಯಲ್ಲಿರುವಾಗಲೇ ಕೇಳಿದರೆ ಐದು ನಿಮಿಷದಲ್ಲಿ ಮಾಡಿಕೊಟ್ಟು ಹೋಗುತ್ತಾರೆ. ಅವರು ಹೋಗಿಯಾಗಿದ್ದರೆ, ಮೋಡೆಮಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಒಳಹೋಗುವ ವಿಳಾಸ, ಬಳಕೆದಾರರ ಹೆಸರು, ಗುಪ್ತಪದ ಸಾಮಾನ್ಯವಾಗಿ ಇರುತ್ತವೆ. ವಿಳಾಸವು ಅನೇಕ ಮೋಡೆಮ್‌ಗಳಲ್ಲಿ 192.168.1.1 ಎಂದಿರುತ್ತದೆ. ಫೋನಿನ ಬ್ರೌಸರಿನಲ್ಲಿ ಅದನ್ನು ಬರೆದು ಒಳಹೊಕ್ಕರೆ ವೈರ್‌ಲೆಸ್ ಎಂಬ ಪುಟದಲ್ಲಿ ಹೆಸರು ಬದಲಿಸುವ ಜಾಗ ಸಿಗುತ್ತದೆ. ಇಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಹಿಂದೆ ಇದ್ದ ಹಾಗೆಯೇ ಇರಬೇಕು. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಅದು ಥರ್ಮೋಸ್ಟಾಟಿಗೆ ಬೇರೆ ಮನೆಯೇ. ಹಳೆಯ ಪಾಸ್‌ವರ್ಡ್ ಕೇರಿಗೆಲ್ಲ ಗೊತ್ತಿದ್ದರೆ ಮಾತ್ರ ಈ ದಾರಿ ಬೇಡ. ಹೀಟರನ್ನು ಹಾಕಿ ಆರಿಸುವ ಅಧಿಕಾರವನ್ನು ಹಾಗೆ ಬೀದಿಯಲ್ಲಿಡುವುದು ಸರಿಯಲ್ಲ.

ಹಳೆಯ ಹೆಸರು ನೆನಪಿಲ್ಲ, ಅಥವಾ ಹೊಸದನ್ನೇ ಇಟ್ಟುಕೊಳ್ಳಬೇಕು ಎನ್ನುವವರು ಥರ್ಮೋಸ್ಟಾಟಿಗೆ ಹೊಸದಾಗಿ ಹೇಳಿಕೊಡಬೇಕಾಗುತ್ತದೆ. ಅದಕ್ಕೆ ಕೈಹಾಕುವ ಮೊದಲು 2.4 ಮತ್ತು 5 ಎಂಬ ಎರಡು ಅಂಕಿಗಳ ವಿಚಾರ ತಿಳಿದಿರಬೇಕು. ಹತ್ತರಲ್ಲಿ ಎಂಟು ತೊಂದರೆ ಇಲ್ಲಿಯೇ ಇರುತ್ತದೆಂದು ನಮ್ಮ ಅನಿಸಿಕೆ.

ಹೊಸ ಮೋಡೆಮ್‌ಗಳಲ್ಲಿ ಬಹುಪಾಲು ಎರಡು ಬಗೆಯ ಅಲೆಗಳನ್ನು ಬಿಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದು ಅದರ ಅರ್ಧದಷ್ಟು. ಉದ್ದ ಅಲೆ ನಿಧಾನ, ಆದರೆ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಗಿಡ್ಡ ಅಲೆ ವೇಗವಾಗಿ ವಿಷಯವನ್ನು ಒಯ್ಯುತ್ತದೆ, ಆದರೆ ಎರಡು ಜಂಬಿಟ್ಟಿಗೆ ಗೋಡೆ ಅಡ್ಡಬಂದರೆ ಸೊರಗಿಹೋಗುತ್ತದೆ. ನಮ್ಮ ದೇಶದಲ್ಲಿ 2.4 ರ ಅಲೆಗಳನ್ನು 2005 ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಲಾಯಿತು. ರೇಡಿಯೋ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸುತ್ತಿದ್ದ ಕಾಲವನ್ನು ಕಂಡ ಹಿರಿಯ ಸದಸ್ಯರಿಗೆ ಇದು ಸ್ವಾರಸ್ಯವೆನಿಸಬಹುದು. ಥರ್ಮೋಸ್ಟಾಟ್, ಪಂಪಿನ ಸ್ವಿಚ್ಚು ಮೊದಲಾದ ಸಣ್ಣ ಸಾಮಾನುಗಳಲ್ಲಿ ಹಾಕುವ ಅಗ್ಗದ ಚಿಪ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಕೇಳಿಸುತ್ತದೆ, 5 ಕೇಳಿಸುವುದೇ ಇಲ್ಲ. ನಿಮ್ಮ ಫೋನಿಗಾದರೋ ಎರಡೂ ಕೇಳಿಸುತ್ತದೆ. ಮೋಡೆಮ್ ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಫೋನು 5 ಕ್ಕೆ ಸೇರಿಕೊಂಡಿರುತ್ತದೆ, ಥರ್ಮೋಸ್ಟಾಟಿಗೆ ಅದು ಸಿಗುವುದಿಲ್ಲ, ಜೋಡಣೆ ಅರ್ಧದಲ್ಲಿ ನಿಲ್ಲುತ್ತದೆ. ಆದಕಾರಣ ಮೋಡೆಮಿನ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಬೇಕು, ಇಲ್ಲವೆ ಜೋಡಣೆ ಮುಗಿಯುವ ತನಕ 5 ನ್ನು ಆರಿಸಿಡಬೇಕು. ಆಮೇಲೆ ಹಾಕಿಕೊಂಡರೆ ಏನೂ ತೊಂದರೆಯಿಲ್ಲ.

ಇನ್ನು ಕೆಲಸದ ಕ್ರಮ. ಡ್ರೈಯರಿನಲ್ಲಿ ಮಾಲು ಇರುವಾಗ ಇದನ್ನು ಮಾಡಬಾರದು. ಆ ಕೂಡು ಒಣಗಿ ಇಳಿಸಿದ ಮೇಲೆ, ಹೀಟರಿನ ಎಂ.ಸಿ.ಬಿ.ಯನ್ನು ಕೆಳಗೆ ಮಾಡಿ, ಥರ್ಮೋಸ್ಟಾಟಿಗೆ ಮಾತ್ರ ಕರೆಂಟು ಇರುವಂತೆ ನೋಡಿಕೊಳ್ಳಿರಿ. ಈಗ ಇರುವ ಶಾಖದ ಅಂಕಿ, ಎಷ್ಟು ಡಿಗ್ರಿ ಇಳಿದ ಮೇಲೆ ಹೀಟರ್ ಮತ್ತೆ ಹತ್ತಿಕೊಳ್ಳಬೇಕೆಂಬ ಅಂತರ, ಸಮಯದ ಪಟ್ಟಿ, ಇವನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಿರಿ. ಇನ್ನೊಂದು ಮಾತು: ಇದನ್ನು ಮೊದಲು ಜೋಡಿಸಿದ್ದು ಯಾರ ಖಾತೆಯಲ್ಲಿ? ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದಾಗ ತನ್ನ ಫೋನಿನಿಂದ ಜೋಡಿಸಿ ಹೋಗಿರುವುದು ಅನೇಕ ಮನೆಗಳಲ್ಲಿದೆ. ಕೆಲವು ಕಡೆ ಮಾರಿದ ಅಂಗಡಿಯವರ ಖಾತೆಯಲ್ಲಿಯೇ ಉಳಿದಿರುವುದೂ ಉಂಟು. ಆ ಖಾತೆಯಿಂದ ಬಿಡಿಸದೆ ನೀವು ಹೊಸದಾಗಿ ಜೋಡಿಸಲು ಹೋದರೆ ಹಲವು ಯಂತ್ರಗಳು ‘ಬೇರೆಯವರಿಗೆ ಸೇರಿದ್ದು’ ಎಂದು ನಿರಾಕರಿಸುತ್ತವೆ. ಮಗನಿಗೆ ಒಂದು ಫೋನು ಮಾಡಿ ಕೇಳಿಕೊಂಡೇ ಮುಂದುವರಿಯುವುದು ಕ್ಷೇಮ. ಅಂಗಡಿಯವರ ಖಾತೆಯಲ್ಲಿದ್ದರೆ ಬಿಡಿಸಿ, ಮನೆಯವರ ಹೆಸರಿಗೇ ಮಾಡಿಸಿಕೊಳ್ಳಿರಿ.

ಆಪಿನಲ್ಲಿ ಥರ್ಮೋಸ್ಟಾಟಿನ ಹೆಸರನ್ನು ಒತ್ತಿ ಅದರ ವಿವರಗಳಿಗೆ ಹೋದರೆ, ಕೆಲವದರಲ್ಲಿ ವೈಫೈ ಬದಲಿಸುವ ಸೌಕರ್ಯವೇ ಇರುತ್ತದೆ. ಇದ್ದರೆ ಅದನ್ನೇ ಬಳಸಬೇಕು, ಏಕೆಂದರೆ ಹಾಕಿಟ್ಟ ಅಂಕಿಗಳು ಉಳಿದುಕೊಳ್ಳುತ್ತವೆ. ಇಲ್ಲದಿದ್ದರೆ ಯಂತ್ರದ ಗುಂಡಿಯನ್ನು ಐದರಿಂದ ಹತ್ತು ಸೆಕೆಂಡು ಒತ್ತಿಹಿಡಿಯಬೇಕು. ದೀಪ ಬೇಗ ಬೇಗ ಮಿಟುಕಲು ಆರಂಭಿಸಿದರೆ ಅದು ಹೊಸ ಜೋಡಣೆಗೆ ತಯಾರಾಯಿತೆಂದು ಅರ್ಥ. ಆಗ ಅನೇಕ ಯಂತ್ರಗಳು ತಾವೇ ಒಂದು ಸಣ್ಣ ವೈಫೈ ಆಗಿಬಿಡುತ್ತವೆ. ಫೋನಿನ ವೈಫೈ ಪಟ್ಟಿಯಲ್ಲಿ ಅದರ ಹೆಸರು ಕಾಣಿಸುತ್ತದೆ, ಅದಕ್ಕೆ ಸೇರಿಕೊಳ್ಳಬೇಕು. ‘ಇದರಲ್ಲಿ ಇಂಟರ್‌ನೆಟ್ ಇಲ್ಲ, ಬಿಡಲೇ?’ ಎಂದು ಫೋನು ಕೇಳುತ್ತದೆ. ಬಿಡಬಾರದು. ಮೊದಲೇ ಮೊಬೈಲ್ ಡೇಟಾ ಆರಿಸಿಟ್ಟಿದ್ದರೆ ಫೋನು ನಮ್ಮನ್ನು ಕೇಳದೆ ಅತ್ತ ಜಾರಿಹೋಗುವುದೂ ತಪ್ಪುತ್ತದೆ. ಆ ಬಳಿಕ ಆಪ್ ಕೇಳಿದಲ್ಲಿ ಮನೆಯ 2.4 ರ ಹೆಸರನ್ನೂ ಪಾಸ್‌ವರ್ಡನ್ನೂ ಬರೆದರೆ, ಒಂದೆರಡು ನಿಮಿಷದಲ್ಲಿ ದೀಪ ಮಿಟುಕುವುದನ್ನು ಬಿಟ್ಟು ನಿಲ್ಲುತ್ತದೆ.

ದೀಪ ನಿಂತ ಕೂಡಲೆ ಹೀಟರ್ ಹಾಕಿಬಿಡಬೇಡಿರಿ. ಗುಂಡಿ ಒತ್ತಿಹಿಡಿದಾಗ ಕೆಲವು ಯಂತ್ರಗಳು ಹಾಕಿದ್ದ ಅಂಕಿಗಳನ್ನೆಲ್ಲ ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗಿರುತ್ತವೆ. ಅದರಲ್ಲಿಯೂ ಸೆಲ್ಸಿಯಸ್ ಹೋಗಿ ಫ್ಯಾರನ್‌ಹೀಟ್ ಆಗಿರುವುದುಂಟು. ಇದರ ಪರಿಣಾಮ ನೋಡಿರಿ. ಪಾರ್ಚ್‌ಮೆಂಟ್ ಬೀಜದ ಶಾಖ 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ಕಾಫಿ ಬೆಳೆಗಾರರಿಗೆ ಗೊತ್ತಿರುವ ವಿಷಯ. ಫ್ಯಾರನ್‌ಹೀಟಿನಲ್ಲಿ ಅದು 104. ಯಂತ್ರ ಫ್ಯಾರನ್‌ಹೀಟಿನಲ್ಲಿರುವಾಗ ನಾವು ತಿಳಿಯದೆ 40 ಎಂದು ಇಟ್ಟರೆ, ಅದು ಸೆಲ್ಸಿಯಸ್‌ನಲ್ಲಿ ಬರೀ 4 ಚಿಲ್ಲರೆ ಡಿಗ್ರಿ. ನಮ್ಮ ಮಲೆನಾಡಿನ ಚಳಿಗಾಲದ ಬೆಳಗಿನ ಜಾವದಲ್ಲಿಯೂ ಶೆಡ್ಡು ಅಷ್ಟು ತಣ್ಣಗಾಗುವುದಿಲ್ಲವಾದ್ದರಿಂದ ಹೀಟರ್ ಹತ್ತುವುದೇ ಇಲ್ಲ, ಹಸಿ ಮಾಲು ಹಾಗೆಯೇ ಕೂತಿರುತ್ತದೆ. ತಿರುಗುಮುರುಗಾದರೆ ಇನ್ನೂ ಕೆಟ್ಟದ್ದು: ಸೆಲ್ಸಿಯಸ್‌ನಲ್ಲಿರುವ ಯಂತ್ರಕ್ಕೆ 104 ಎಂದು ಕೊಟ್ಟರೆ ನೀರು ಕುದಿಯುವ ಮಟ್ಟ ದಾಟುವವರೆಗೆ ಹೀಟರ್ ಆರುವುದಿಲ್ಲ. ಕಾಗದದಲ್ಲಿ ಬರೆದಿಟ್ಟುಕೊಂಡದ್ದಕ್ಕೆ ತಾಳೆ ನೋಡಿ, ತೂಗುಹಾಕಿದ ಥರ್ಮಾಮೀಟರಿಗೂ ಹೋಲಿಸಿಯೇ ಮುಂದಿನ ಮಾತು.

ಇಷ್ಟಾದರೂ ಸೇರದಿದ್ದರೆ ದೋಷ ಥರ್ಮೋಸ್ಟಾಟಿನದೋ ಮೋಡೆಮಿನದೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮನೆಯ ಇನ್ನೊಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಅದನ್ನು 2.4 ಕ್ಕೆ ಇಟ್ಟು, ಶೆಡ್ಡಿಗೆ ಒಯ್ದು ಅದಕ್ಕೆ ಥರ್ಮೋಸ್ಟಾಟ್ ಜೋಡಿಸಿ ನೋಡುವುದು. ಸೇರಿಕೊಂಡರೆ ಯಂತ್ರ ಸರಿಯಿದೆ, ಮೋಡೆಮಿನಲ್ಲಿ ಹುಡುಕಬೇಕು. ಅಲ್ಲಿ ನೋಡಬೇಕಾದ್ದು ಮುಖ್ಯವಾಗಿ ಭದ್ರತೆಯ ಬಗೆ. 2018 ರಲ್ಲಿ ಬಂದ ಡಬ್ಲ್ಯುಪಿಎ3 ಎಂಬುದನ್ನು ಮಾತ್ರ ಇಟ್ಟಿದ್ದರೆ ಹಳೆಯ ಯಂತ್ರಗಳಿಗೆ ಅರ್ಥವಾಗುವುದಿಲ್ಲ. ಡಬ್ಲ್ಯುಪಿಎ2 ಅಥವಾ ಎರಡೂ ಕೂಡಿದ್ದನ್ನು ಆರಿಸಬೇಕು. ವೈಫೈ ಹೆಸರನ್ನು ಕನ್ನಡದಲ್ಲಿ ಇಡುವ ಅಭಿಮಾನ ಮೆಚ್ಚತಕ್ಕದ್ದೇ ಆದರೂ ಕೆಲವು ಚಿಪ್‌ಗಳಿಗೆ ಅದು ಓದಲು ಬರುವುದಿಲ್ಲ. ದೂರವೂ ಕಾರಣವಿರಬಹುದು. ಶೆಡ್ಡಿಗೆ ನಾಲ್ಕೂ ಕಡೆ ಜಿಂಕ್ ಶೀಟು ಹೊಡೆಸಿದ್ದರೆ ತಗಡು ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ. ಮೋಡೆಮನ್ನು ನಡುಮನೆಯಿಂದ ಹಿಂದಿನ ಕಿಟಕಿಯ ಬಳಿಗೆ ತಂದರೆ ಎಷ್ಟೋ ಸಲ ಸಾಕಾಗುತ್ತದೆ. ಇಲ್ಲದಿದ್ದರೆ ನಡುವೆ ಒಂದು ಎಕ್ಸ್‌ಟೆಂಡರ್ ಹಾಕಬೇಕಾದೀತು.

ಫೈಬರಿನಿಂದ ಒಂದು ಅನುಕೂಲ ಖಂಡಿತ ಆಗಿದೆ. ತಾಮ್ರದ ಫೋನ್ ತಂತಿಯಲ್ಲಿ ಸಿಡಿಲು ಹರಿದುಬಂದು ಮೋಡೆಮ್ ಸುಡುವುದು ಮುಂಗಾರಿನ ಮೊದಲ ಮಳೆಗಳಲ್ಲಿ ಸಾಮಾನ್ಯವಾಗಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಕರೆಂಟಿನ ಲೈನಿನಿಂದ ಬರುವ ದಾರಿ ತೆರೆದೇ ಇದೆಯಾದ್ದರಿಂದ ಗುಡುಗು ಶುರುವಾದಾಗ ಪ್ಲಗ್ ಕೀಳುವ ಅಭ್ಯಾಸ ಬಿಡಬಾರದು.

ಹೊಸ ಥರ್ಮೋಸ್ಟಾಟ್ ಕೊಳ್ಳುವವರು ಮೇಲ್ಗಡೆ ಗುಂಡಿ ಮತ್ತು ಅಂಕಿಯ ಪರದೆ ಇರುವುದನ್ನೇ ನೋಡಿ ಕೊಳ್ಳಬೇಕೆಂಬುದು ನಮ್ಮ ಸಲಹೆ. ಇಂತಹ ಯಂತ್ರಗಳು ಫೋನಿನೊಡನೆ ಮಾತನಾಡುವುದು ಕಂಪೆನಿಯ ಕಂಪ್ಯೂಟರಿನ ಮೂಲಕ; ಅದನ್ನು ಅವರು ನಿಲ್ಲಿಸಿದರೆ ನಮ್ಮ ವೈಫೈ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. 2011 ರಲ್ಲಿ ಅಮೆರಿಕದಲ್ಲಿ ಬಂದು ಹೆಸರಾದ ನೆಸ್ಟ್ ಥರ್ಮೋಸ್ಟಾಟಿನ ಮೊದಲ ಎರಡು ಮಾದರಿಗಳಿಗೆ ಗೂಗಲ್ ಕಂಪೆನಿ 2025 ರ ಅಕ್ಟೋಬರಿನಲ್ಲಿ ಈ ಸೇವೆಯನ್ನು ನಿಲ್ಲಿಸಿತು. ಗೋಡೆಯ ಮೇಲಿನ ಯಂತ್ರವನ್ನು ಕೈಯಿಂದ ತಿರುಗಿಸಿದರೆ ಈಗಲೂ ಕೆಲಸ ನಡೆಯುತ್ತದೆ, ಫೋನಿನಿಂದ ಆಗುವುದಿಲ್ಲ. ಗುಂಡಿಯೇ ಇಲ್ಲದ ಯಂತ್ರವಾಗಿದ್ದರೆ ಅದೂ ಇರುತ್ತಿರಲಿಲ್ಲ.

ಹೊಸ ಹೆಸರು, ಪಾಸ್‌ವರ್ಡ್, ಖಾತೆ ಯಾರದ್ದು, ಶಾಖದ ಅಂಕಿ, ಇವಿಷ್ಟನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ, ಶೆಡ್ಡಿನ ಬಾಗಿಲ ಮೇಲೆ ಬೇಡ. ಕೊನೆಯದಾಗಿ, ಮಾಲು ತುಂಬುವ ಮೊದಲು ಮನೆಯ ಮೇನ್ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿ ನೋಡಿರಿ. ಕರೆಂಟು ಬಂದ ಮೇಲೆ ಮೋಡೆಮ್ ಏಳಲು ಎರಡು ಮೂರು ನಿಮಿಷ ಬೇಕು, ಥರ್ಮೋಸ್ಟಾಟ್ ಅದಕ್ಕಿಂತ ಮೊದಲೇ ಎದ್ದು ಕಾಯುತ್ತಿರುತ್ತದೆ. ಹತ್ತು ನಿಮಿಷದೊಳಗೆ ಅದು ತಾನಾಗಿಯೇ ಬಂದು ಫೋನಿಗೆ ಸಿಕ್ಕಿದರೆ, ಅಂಕಿಯೂ ಹಾಕಿದಂತೆಯೇ ಉಳಿದಿದ್ದರೆ, ಹೀಟರಿನ ಎಂ.ಸಿ.ಬಿ. ಮೇಲೆ ಮಾಡಿ ಅಡಿಕೆ ತುಂಬಬಹುದು.